ಮೂರು ವರ್ಷದ ಜಾಮೀನು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಇಪ್ಪತ್ತು ವರ್ಷದಿಂದ ವಿಮೆಯ ಬ್ರೋಕರ್ ಆಗಿರುವ ಅಕ್ಕನ ಮನೆ. ಚಿಕ್ಕಮ್ಮನ ಮಗ ಭಾನುವಾರ ಬೆಳಗ್ಗೆ ಒಬ್ಬನೇ ಬಂದಿದ್ದಾನೆ. ಬಾರ್ಟ್ ರೈಲಿನಲ್ಲಿ ಬಂದು, ಸ್ಟೇಷನ್‌ನಿಂದ ನಡೆದುಕೊಂಡು ಬಂದಿದ್ದಾನೆ. ಕೈಯಲ್ಲಿ ಒಂದು ದಪ್ಪ ಕವರ್.

ಅಕ್ಕ: ಬಾ, ಕೂತ್ಕೋ. ಫೋನಲ್ಲಿ ಅರ್ಧ ಹೇಳಿದೆ, ಅರ್ಧ ನುಂಗಿಕೊಂಡೆ. ಈಗ ಮೊದಲಿಂದ ಹೇಳು.

ತಮ್ಮ: ಸ್ಯಾನ್ ರಮೋನ್‌ನಲ್ಲಿ ದೀಪಾವಳಿ ಪಾರ್ಟಿ. ಇವಳು ಮಗೂನ ಮಲಗಿಸಬೇಕು ಅಂತ ಮೊದಲೇ ಹೊರಟುಬಿಟ್ಟಳು. ನಾನು ಹನ್ನೆರಡರ ತನಕ ಇದ್ದೆ. ಹೆದ್ದಾರಿ 680ರಲ್ಲಿ ಲೇನ್ ಗೆರೆ ಎರಡು ಸಲ ದಾಟಿದ್ನಂತೆ, ನನಗೆ ಗೊತ್ತೇ ಆಗಿಲ್ಲ. ಹಿಂದಿನಿಂದ ದೀಪ ಹೊಳೀತು. ಊದಿಸಿದಾಗ 0.11 ಬಂತು. ಯಾರಿಗೂ ಏಟಾಗಲಿಲ್ಲ, ಅಕ್ಕ.

ಅಕ್ಕ: ಅದು ನಿನ್ನ ಪುಣ್ಯ. ಆ ರಾತ್ರಿ ಪಕ್ಕದ ಲೇನಲ್ಲಿ ಇದ್ದವರ ಪುಣ್ಯ ಕೂಡ. ಪೊಲೀಸರು ಲೈಸೆನ್ಸ್ ತಗೊಂಡು ಗುಲಾಬಿ ಬಣ್ಣದ ಕಾಗದ ಕೊಟ್ಟಿರಬೇಕಲ್ಲ?

ತಮ್ಮ: ಕೊಟ್ಟರು. 30 ದಿನ ಅದೇ ನನ್ನ ಲೈಸೆನ್ಸ್ ಅಂದರು. ನಾಚಿಕೆಗೆ ಮಡಚಿ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟುಬಿಟ್ಟೆ. 10 ದಿನದೊಳಗೆ ಡಿಎಂವಿ ವಿಚಾರಣೆ ಕೇಳಬಹುದು ಅಂತ ಅದರಲ್ಲೇ ಬರೆದಿತ್ತಂತೆ. ನಾನು ಓದಿದ್ದು ಹನ್ನೊಂದನೇ ದಿನ.

ಅಕ್ಕ: ನನ್ನ ಹತ್ತಿರ ಬರೋರಲ್ಲಿ ಎಷ್ಟೋ ಜನ ಹೀಗೇ ಮಾಡಿರ್ತಾರೆ. ಕಾಗದ ಮುಚ್ಚಿಟ್ಟರೆ ನಡೆದದ್ದೂ ಮುಚ್ಚಿಹೋಗುತ್ತೆ ಅಂತ ಮನಸ್ಸು ನಂಬಿಸುತ್ತೆ. ಇಲ್ಲಿ ಎರಡು ದಾರಿ ಒಟ್ಟಿಗೆ ನಡೆಯುತ್ತೆ. ಲೈಸೆನ್ಸ್ ವಿಷಯ ನೋಡೋದು ಡಿಎಂವಿ, ಅಪರಾಧ ನೋಡೋದು ಕೋರ್ಟು. ಒಂದರಲ್ಲಿ ಸುಮ್ಮನಿದ್ದರೆ ಇನ್ನೊಂದು ನಿನಗೋಸ್ಕರ ಕಾಯಲ್ಲ. ಕೋರ್ಟಿನದು ಮುಗೀತಾ?

ತಮ್ಮ: ಹೋದ ವಾರ ಮುಗೀತು. ತಪ್ಪು ಒಪ್ಪಿಕೊಂಡೆ. ದಂಡ, ಮೂರು ವರ್ಷ ಪ್ರೊಬೇಷನ್, ಮೂರು ತಿಂಗಳಲ್ಲಿ 30 ಗಂಟೆ ಕ್ಲಾಸು. ಕ್ಲಾಸಿಗೆ ಸೇರಿದೀನಿ. ಈಗ ಲೈಸೆನ್ಸ್ ವಾಪಸ್ ಬೇಕು ಅಂದರೆ ಎಸ್‌ಆರ್ 22 ತರಬೇಕು ಅಂತ ಈ ಕಾಗದ ಬಂದಿದೆ. ಆ ವಿಮೆ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ, ಅಷ್ಟು ಹೇಳು.

ಅಕ್ಕ: ಅದು ವಿಮೆಯೇ ಅಲ್ಲ ಕಣೋ. ಹೆಸರು ಕೇಳಿ ಎಲ್ಲರೂ ಬೇರೊಂದು ಪಾಲಿಸಿ ಅಂತಲೇ ತಿಳ್ಕೋತಾರೆ. ಅದು ಒಂದು ಹಾಳೆಯ ಪ್ರಮಾಣಪತ್ರ. 'ಈ ಮನುಷ್ಯನಿಗೆ ಕಾನೂನು ಕೇಳಿದಷ್ಟು ವಿಮೆ ಇದೆ, ಅದಕ್ಕೆ ನಾವು ಹೊಣೆ' ಅಂತ ವಿಮೆ ಕಂಪನಿ ಡಿಎಂವಿಗೆ ನೇರವಾಗಿ ಕಳಿಸೋದು. ಕಳಿಸೋದಕ್ಕೆ ಸಣ್ಣ ಶುಲ್ಕ. ದುಬಾರಿ ಆಗೋದು ಅದರ ಹಿಂದಿರೋ ಪಾಲಿಸಿ.

ತಮ್ಮ: ಅದೇ ಕೇಳ್ತಿರೋದು. ಎಷ್ಟು ದುಬಾರಿ?

ಅಕ್ಕ: ಇವತ್ತೇ ಒಂದು ಅಂಕಿ ಹೇಳಿದರೆ ಸುಳ್ಳಾಗುತ್ತೆ, ಕಂಪನಿಯಿಂದ ಕಂಪನಿಗೆ ಬೇರೆ. ಆದರೆ ಲೆಕ್ಕ ಹೇಗೆ ನಡೆಯುತ್ತೆ ಅಂತ ಹೇಳಬಲ್ಲೆ. 1988ರಲ್ಲಿ ಈ ರಾಜ್ಯದ ಮತದಾರರು ಪ್ರೊಪೊಸಿಷನ್ 103 ಅಂತ ಒಂದು ಕಾನೂನು ಮಾಡಿಕೊಂಡರು. ಕಾರಿನ ವಿಮೆ ದರಕ್ಕೆ ಮೊದಲು ನೋಡಬೇಕಾದ್ದು ಮೂರು, ಅದೂ ಇದೇ ಕ್ರಮದಲ್ಲಿ: ನಿನ್ನ ಚಾಲನೆಯ ದಾಖಲೆ, ವರ್ಷಕ್ಕೆ ಎಷ್ಟು ಮೈಲಿ ಓಡಿಸ್ತೀಯ, ಎಷ್ಟು ವರ್ಷದ ಅನುಭವ. ಬೇರೆ ಎಷ್ಟೋ ರಾಜ್ಯದಲ್ಲಿ ನಿನ್ನ ಕ್ರೆಡಿಟ್ ಸ್ಕೋರ್ ನೋಡಿ ದರ ಹಾಕ್ತಾರೆ. ಇಲ್ಲಿ ಹಾಗಿಲ್ಲ. ಬಡವ ಅಂತ ಜಾಸ್ತಿ ತಗೊಳ್ಳಲ್ಲ, ಹೇಗೆ ಓಡಿಸಿದೀಯ ಅನ್ನೋದರ ಮೇಲೆ ತಗೋತಾರೆ. ನನಗೆ ಅದು ನ್ಯಾಯ ಅನ್ನಿಸುತ್ತೆ. ನಿನಗೆ ಇವತ್ತು ಅದೇ ಭಾರ.

ತಮ್ಮ: ಹನ್ನೊಂದು ವರ್ಷದಿಂದ ಒಂದೇ ಒಂದು ಟಿಕೆಟ್ ಇಲ್ಲ ನನ್ನ ಹೆಸರಲ್ಲಿ.

ಅಕ್ಕ: ಅದಕ್ಕೇ ಇಲ್ಲಿ ತನಕ ನಿನಗೆ ಒಳ್ಳೆ ಚಾಲಕರ ರಿಯಾಯಿತಿ ಸಿಗ್ತಿತ್ತು. ಕನಿಷ್ಠ ಶೇ. 20. ಉದಾಹರಣೆಗೆ, 2,000 ಡಾಲರ್ ಕಟ್ಟಬೇಕಾದವನು 1,600 ಕಟ್ತಾನೆ. ಕುಡಿದು ಓಡಿಸಿ ಶಿಕ್ಷೆಯಾದವನಿಗೆ 10 ವರ್ಷ ಆ ರಿಯಾಯಿತಿ ಇಲ್ಲ. ಅದರ ಮೇಲೆ ದಾಖಲೆಯಲ್ಲಿ ಎರಡು ಪಾಯಿಂಟು, ಆ ಪಾಯಿಂಟಿಗೆ ಕಂಪನಿ ಏರಿಸೋ ದರ ಬೇರೆ. ಎಸ್‌ಆರ್ 22 ಮೂರು ವರ್ಷಕ್ಕೆ ಮುಗಿಯುತ್ತೆ, ದರದ ಮೇಲಿನ ನೆರಳು ಹತ್ತು ವರ್ಷ. ಈ ಎರಡನ್ನೂ ಕಲಸಿಕೊಳ್ಳಬೇಡ.

ತಮ್ಮ: ಕೇಸನ್ನ ದಾಖಲೆಯಿಂದ ತೆಗೆಸಬಹುದು ಅಂತ ಆಫೀಸಲ್ಲಿ ಒಬ್ಬರು ಹೇಳಿದರು.

ಅಕ್ಕ: ಪ್ರೊಬೇಷನ್ ಮುಗಿದ ಮೇಲೆ ಕೋರ್ಟಿಗೆ ಅರ್ಜಿ ಹಾಕಬಹುದು, ಕೆಲಸ ಹುಡುಕುವಾಗ ಅದು ಸಹಾಯಕ್ಕೆ ಬರುತ್ತೆ. ಡಿಎಂವಿ ದಾಖಲೆಯಿಂದ ಮಾತ್ರ ಅಳಿಸಿಹೋಗಲ್ಲ. ವಿಮೆ ಕಂಪನಿ ನೋಡೋದು ಡಿಎಂವಿ ದಾಖಲೇನೇ.

ತಮ್ಮ: ಹಾಗಾದರೆ ಒಂದು ಮಾತು ಕೇಳ್ತೀನಿ, ಬೈಯಬೇಡ. ನನ್ನ ಪಾಲಿಸಿ ಮುಂದಿನ ತಿಂಗಳು ನವೀಕರಣಕ್ಕೆ ಬರುತ್ತೆ. ಅದನ್ನ ಬಿಟ್ಟುಬಿಟ್ಟು, ಇವಳ ಹೆಸರಲ್ಲಿ ಪಾಲಿಸಿ ಮಾಡಿಸಿ, ಅರ್ಜಿಯಲ್ಲಿ ನನ್ನ ಹೆಸರು ಹಾಕದೇ ಹೋದರೆ?

ಅಕ್ಕ: ಬೈಯಲ್ಲ. ಈ ಪ್ರಶ್ನೆ ಕೇಳದವರು ಕಡಿಮೆ. ಮನೆಯಲ್ಲಿ ಕಾರು ಓಡಿಸೋ ವಯಸ್ಸಿನವರು ಯಾರ್ಯಾರಿದ್ದಾರೆ ಅಂತ ಅರ್ಜಿಯಲ್ಲಿ ಕೇಳೇ ಕೇಳ್ತಾರೆ. ಮುಚ್ಚಿಟ್ಟರೆ, ಅಪಘಾತವಾದ ದಿನ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು. ಆಗ ನಿನ್ನ ತಪ್ಪಿಗೆ ಅವಳೂ ಬೀದಿಗೆ ಬಂದಳು. ನಿಯಮದ ಪ್ರಕಾರವೇ ಮಾಡೋದಾದರೆ ಅವಳ ಪಾಲಿಸಿಯಿಂದ ನಿನ್ನನ್ನ ಹೆಸರು ಹೇಳಿ ಹೊರಗಿಡಬಹುದು. ಹಾಗೆ ಮಾಡಿದ ಮೇಲೆ ಅವಳ ಕಾರಿನ ಕೀಲಿ ನೀನು ಮುಟ್ಟಬಾರದು. ಮಗೂಗೆ ಜ್ವರ ಬಂದ ರಾತ್ರಿಯೂ ಮುಟ್ಟಬಾರದು. ಆಗುತ್ತಾ?

ತಮ್ಮ: ಆಗಲ್ಲ.

ಅಕ್ಕ: ಹಾಗಾದರೆ ನಿನ್ನ ಹೆಸರಲ್ಲೇ ಪಾಲಿಸಿ. ಈಗಿನ ಕಂಪನಿ ನಿನ್ನ ದಾಖಲೆ ನೋಡಿ ಬೇಡ ಅನ್ನಬಹುದು. ಎಸ್‌ಆರ್ 22 ಕಳಿಸದೇ ಇರೋ ಕಂಪನಿಗಳೂ ಇವೆ. ಇಂಥ ಚಾಲಕರಿಗೇ ಪಾಲಿಸಿ ಮಾರೋ ಕಂಪನಿಗಳು ಬೇರೆ ಇವೆ, ನಾಲ್ಕೈದು ಕಡೆ ದರ ಕೇಳ್ತೀನಿ. ಎಲ್ಲೂ ಸಿಗದೇ ಹೋದರೆ ರಾಜ್ಯದ ಅಸೈನ್ಡ್ ರಿಸ್ಕ್ ಪ್ಲಾನ್ ಇದೆ. ಯಾರೂ ಮುಟ್ಟದ ಚಾಲಕರನ್ನ ಎಲ್ಲ ಕಂಪನಿಗಳ ನಡುವೆ ಹಂಚಿಬಿಡ್ತಾರೆ. ವಿಮೆ ಇಲ್ಲದವನು ರಸ್ತೆಗೆ ಇಳಿಯೋದಕ್ಕಿಂತ ದುಬಾರಿ ವಿಮೆ ಇಟ್ಟುಕೊಂಡು ಇಳಿಯೋದು ಊರಿಗೇ ಒಳ್ಳೇದು ಅನ್ನೋ ಲೆಕ್ಕ ಅದು.

ತಮ್ಮ: ಕಾನೂನು ಕೇಳಿದ ಕನಿಷ್ಠ ಮೊತ್ತಕ್ಕೆ ಮಾಡಿಸಿದರೆ ಸ್ವಲ್ಪ ಕಮ್ಮಿ ಆಗುತ್ತಲ್ಲ?

ಅಕ್ಕ: ಆಗುತ್ತೆ. ಆ ಕನಿಷ್ಠ ಎಷ್ಟು ಅಂತ ಗೊತ್ತಾ? 2025ರ ಜನವರಿ 1ರಿಂದ, ಒಬ್ಬರ ಗಾಯಕ್ಕೆ ಅಥವಾ ಸಾವಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿ ನಷ್ಟಕ್ಕೆ 15,000. ಅದಕ್ಕೂ ಮುಂಚೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ 15,000, 30,000, 5,000 ಇತ್ತು. ಈಗ ನಮ್ಮ ಬೀದಿಯಲ್ಲಿ ನಿಂತಿರೋ ಕಾರುಗಳನ್ನ ನೋಡು. 15,000ಕ್ಕೆ ಯಾವುದು ಬರುತ್ತೆ? ಇಲ್ಲಿನ ಆಸ್ಪತ್ರೆಯಲ್ಲಿ ಸೊಂಟ ಮುರಿದವರ ಬಿಲ್ಲಿಗೆ 30,000 ಎಲ್ಲಿ ಸಾಲುತ್ತೆ? ಉಳಿದದ್ದನ್ನ ಕೊಡಬೇಕಾದವನು ನೀನು. ನನ್ನ ಮಾತು ಕೇಳು, ಒಂದು ಲಕ್ಷ, ಮೂರು ಲಕ್ಷಕ್ಕೆ ಮಾಡಿಸು. ಖರ್ಚು ಇಳಿಸಬೇಕಾದರೆ ನಿನ್ನ ಹಳೇ ಕಾರಿನ ಸ್ವಂತ ನಷ್ಟದ ಕವರ್ ಕಮ್ಮಿ ಮಾಡೋಣ.

ತಮ್ಮ: ದಂಡ ಕಟ್ಟಿದೀನಿ, ಲಾಯರ್‌ಗೆ ಕೊಟ್ಟಿದೀನಿ, ಕ್ಲಾಸಿಗೆ ಕಟ್ತಿದೀನಿ. ಈಗ ಇದು. ಒಂದೇ ತಪ್ಪಿಗೆ ಎಷ್ಟು ಸಲ ಶಿಕ್ಷೆ, ಅಕ್ಕ?

ಅಕ್ಕ: ಕೋರ್ಟು ಕೊಟ್ಟದ್ದು ಶಿಕ್ಷೆ. ಇದನ್ನ ಆ ಲೆಕ್ಕಕ್ಕೆ ಹಾಕಬೇಡ. ನಮ್ಮ ತಾತ ಸೊಸೈಟಿ ಸಾಲಕ್ಕೆ ಜಾಮೀನು ನಿಂತದ್ದು ನೆನಪಿದೆಯಾ?

ತಮ್ಮ: ಕೆಳಗಿನ ಬೀದಿಯವರಿಗಾ? ಅವರು ಬಂದು ಜಗಲಿ ಮೇಲೆ ಏನೋ ಇಟ್ಟು ಹೋಗ್ತಿದ್ದದ್ದು ಮಸುಕಾಗಿ ನೆನಪಿದೆ.

ಅಕ್ಕ: ಅವರು ಒಂದು ಸಲ ಬಿತ್ತನೆ ಆಲೂಗಡ್ಡೆಗೆ ಅಂತ ತಂದ ಸಾಲವನ್ನ ಇಸ್ಪೀಟಲ್ಲಿ ಕಳೆದಿದ್ದರು. ಆಮೇಲೆ ಅವರಿಗೆ ಸಹಿ ಹಾಕೋರು ಊರಲ್ಲಿ ಯಾರೂ ಇರಲಿಲ್ಲ. ತಾತ ಹಾಕಿದರು. ಹಾಕೋವಾಗ ಒಂದು ಕರಾರು: 'ಕಂತು ಕಟ್ಟಿದ ದಿನವೇ ರಸೀದಿ ತಂದು ತೋರಿಸಬೇಕು. ಒಂದು ಕಂತು ತಪ್ಪಿದರೆ ಮಾರನೇ ಬೆಳಗ್ಗೆ ನಾನೇ ಸೊಸೈಟಿಗೆ ಹೋಗಿ, ಇವನಿಗೆ ನನ್ನ ಜಾಮೀನಿಲ್ಲ ಅಂತ ಹೇಳಿ ಬರ್ತೀನಿ.' ತಾತ ಮನೇಲಿಲ್ಲದ ದಿನ ಅವರು ರಸೀದೀನ ಎಲೆ ಅಡಿಕೆ ತಟ್ಟೆ ಕೆಳಗೆ ಸಿಕ್ಕಿಸಿ ಹೋಗೋರು. ಗಾಳಿಗೆ ಹಾರಬಾರದು ಅಂತ ತಟ್ಟೆ ಮೇಲೆ ಒಂದು ಅಡಕತ್ತರಿ. ಈ ದೇಶಕ್ಕೆ ಬಂದು ಈ ಕೆಲಸ ಕಲಿಯೋವಾಗ ಎಸ್‌ಆರ್ 22 ಅಂದರೇನು ಅಂತ ನನಗೆ ಬೇಗ ಅರ್ಥವಾದದ್ದು ಆ ತಟ್ಟೆಯಿಂದ. ಇದೂ ಜಾಮೀನು. ನಿನ್ನ ಪರವಾಗಿ ಒಬ್ಬರು ರಾಜ್ಯದ ಮುಂದೆ ನಿಲ್ಲೋದು. ನೀನು ಒಂದು ಕಂತು ತಪ್ಪಿಸಿ ಪಾಲಿಸಿ ರದ್ದಾದರೆ ಕಂಪನಿ ಡಿಎಂವಿಗೆ ತಿಳಿಸುತ್ತೆ, ಲೈಸೆನ್ಸ್ ಮತ್ತೆ ಅಮಾನತು.

ತಮ್ಮ: ಒಂದೇ ಕಂತಿಗೆ?

ಅಕ್ಕ: ಒಂದೇ ಕಂತಿಗೆ. ನನ್ನ ಹತ್ತಿರ ಬಂದವರಲ್ಲಿ ಮತ್ತೆ ಕುಡಿದು ಸಿಕ್ಕವರಿಗಿಂತ ಕಂತು ಮರೆತು ಲೈಸೆನ್ಸ್ ಕಳಕೊಂಡವರು ಹೆಚ್ಚು. ಕಾರ್ಡ್ ಬದಲಾಗಿರುತ್ತೆ, ಬ್ಯಾಂಕ್ ಬದಲಾಗಿರುತ್ತೆ, ಗೊತ್ತಿಲ್ಲದೇ ಓಡಿಸ್ತಿರ್ತಾರೆ. ಕಂಪನಿ ಬದಲಾಯಿಸಿದರೂ ಹೊಸದರ ಎಸ್‌ಆರ್ 22 ಡಿಎಂವಿಗೆ ತಲುಪಿದ ಮೇಲೆಯೇ ಹಳೇದನ್ನ ಬಿಡಬೇಕು. ನಡುವೆ ಒಂದು ದಿನವೂ ಖಾಲಿ ಬಿಡಬಾರದು.

ತಮ್ಮ: ಕಾರನ್ನೇ ಮಾರಿಬಿಟ್ಟರೆ?

ಅಕ್ಕ: ಆಗಲೂ ಲೈಸೆನ್ಸ್ ಬೇಕು ಅಂದರೆ ಜಾಮೀನು ಬೇಕು. ಕಾರಿಲ್ಲದವರಿಗೆ ಅಂತಲೇ ಒಂದು ಪಾಲಿಸಿ ಇದೆ, ಬೇರೆಯವರ ಕಾರು ಅಪರೂಪಕ್ಕೆ ಓಡಿಸೋರಿಗೆ. ಅದರ ಮೇಲೂ ಎಸ್‌ಆರ್ 22 ಕಳಿಸ್ತಾರೆ. ನಿನಗೆ ಮಗಳನ್ನ ಡೇಕೇರ್‌ಗೆ ಬಿಡಬೇಕಲ್ಲ?

ತಮ್ಮ: ದಿನಾ ಏಳೂವರೆಗೆ. ಮೂರು ತಿಂಗಳಿಂದ ಇವಳೇ ಬಿಡ್ತಿದಾಳೆ. ಕೆಲಸಕ್ಕೆ ಹೋಗಿಬರೋದಕ್ಕೆ ಮಾತ್ರ ಅನ್ನೋ ನಿರ್ಬಂಧದ ಲೈಸೆನ್ಸಲ್ಲಿ ಡೇಕೇರ್ ಬರಲ್ಲ ಅಂದರು. ಕಾರಿಗೆ ಊದೋ ಯಂತ್ರ ಹಾಕಿಸಿದರೆ ಎಲ್ಲಿಗೆ ಬೇಕಾದರೂ ಓಡಿಸಬಹುದಂತೆ. ಆರು ತಿಂಗಳು. ಅದನ್ನೇ ಆರಿಸಿಕೊಂಡೆ. ಮೊನ್ನೆ ಅದನ್ನ ನೋಡಿ ಬಂದೆ, ಅಕ್ಕ. ಹಳೇ ಫೋನಿನಷ್ಟು ದಪ್ಪ, ಸುರುಳಿ ತಂತಿ, ತುದಿಯಲ್ಲಿ ಪ್ಲಾಸ್ಟಿಕ್ ಕೊಳವೆ. ಊದಿದರೆ ಮಾತ್ರ ಇಂಜಿನ್ ಸ್ಟಾರ್ಟ್ ಆಗುತ್ತೆ. ದಾರಿಯಲ್ಲೂ ನಡುನಡುವೆ ಊದು ಅನ್ನುತ್ತೆ. ಬಾಯಿ ಮುಕ್ಕಳಿಸೋ ಔಷಧಿಯಲ್ಲಿ ಆಲ್ಕೋಹಾಲ್ ಇದ್ದರೂ ತೋರಿಸುತ್ತೆ, ನೀರಲ್ಲಿ ಮುಕ್ಕಳಿಸಿ ಊದಿ ಅಂದರು. ಹಿಂದಿನ ಸೀಟಲ್ಲಿ ಮಗಳು ಕೂತಿರ್ತಾಳೆ. ಅಪ್ಪ ಏನು ಮಾಡ್ತಿದೀಯ ಅಂತ ಕೇಳ್ತಾಳೆ.

ಅಕ್ಕ: ಏನು ಹೇಳ್ತೀಯ?

ತಮ್ಮ: ಗೊತ್ತಿಲ್ಲ.

ಅಕ್ಕ: ನಾಲ್ಕು ವರ್ಷದ ಮಗು. ಅಪ್ಪ ಒಂದು ಸಲ ಕಾರನ್ನ ಸರಿಯಾಗಿ ಓಡಿಸಲಿಲ್ಲ, ಈಗ ಸರಿಯಾಗಿ ಓಡಿಸ್ತಾರಾ ಅಂತ ಈ ಯಂತ್ರ ನೋಡುತ್ತೆ. ಅಷ್ಟು ಹೇಳಿದರೆ ಅವಳಿಗೆ ಸಾಕು. ಸುಳ್ಳು ಹೇಳಿದರೆ ಮುಂದೆ ಅದಕ್ಕೂ ಒಂದು ಕಂತು ಕಟ್ಟಬೇಕಾಗುತ್ತೆ.

ತಮ್ಮ: ಊರಲ್ಲಾಗಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ. ದಂಡ ಕಟ್ಟಿ ಬರಬಹುದಿತ್ತು.

ಅಕ್ಕ: ಊರಲ್ಲಾಗಿದ್ದರೆ ಇನ್ನೂ ಕಮ್ಮಿ ಕುಡಿದಿದ್ದರೂ ಸಿಕ್ಕಿಬೀಳ್ತಿದ್ದೆ. ಇಲ್ಲಿನ ಮಿತಿ 0.08, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ. ಅಲ್ಲಿನ ಮಿತಿ 30 ಮಿಲಿಗ್ರಾಂ. ನಿನ್ನದು 110. ಮೊದಲ ಸಲಕ್ಕೆ 10,000 ರೂಪಾಯಿ ತನಕ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಕಾರಿಗಾದ ಸ್ವಂತ ನಷ್ಟಕ್ಕೆ ಕಂಪನಿ ಬಿಡಿಗಾಸು ಕೊಡಬೇಕಿಲ್ಲ. ದೆಹಲಿಯಲ್ಲಿ 2007ರ ಡಿಸೆಂಬರಲ್ಲಿ ಇಂಡಿಯಾ ಗೇಟ್ ಹತ್ತಿರ ಒಂದು ಪೋರ್ಷೆ ಕಾರು ಫುಟ್‌ಪಾತ್‌ಗೆ ಬಡಿದು ಮಗುಚಿ ಬೆಂಕಿ ಹತ್ತಿತ್ತು. ಆ ಕೇಸಲ್ಲಿ ವಿಮೆ ಕಂಪನಿ ಹಣ ಕೊಡದೇ ಇದ್ದದ್ದು ಸರಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ತಮ್ಮ: ಆದರೆ ಪ್ರೀಮಿಯಂ ಹೀಗೆ ಏರಲ್ಲ.

ಅಕ್ಕ: ಅದು ನಿಜ. ಅಲ್ಲಿ ಥರ್ಡ್ ಪಾರ್ಟಿ ದರ ಸರ್ಕಾರವೇ ಗೊತ್ತು ಮಾಡುತ್ತೆ. 2022ರ ಜೂನ್‌ನಿಂದ ಬಂದ ದರದಲ್ಲಿ 1,000ದಿಂದ 1,500 ಸಿಸಿ ಕಾರಿಗೆ 3,416 ರೂಪಾಯಿ. ಐದು ಸಲ ದಂಡ ಕಟ್ಟಿದವನಿಗೂ ಅಷ್ಟೇ, ಒಂದು ಸಲವೂ ಕಟ್ಟದವನಿಗೂ ಅಷ್ಟೇ. ಇದನ್ನ ಬದಲಾಯಿಸಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡ 2021ರಲ್ಲಿ ಒಂದು ಕರಡು ಮುಂದಿಟ್ಟಿತ್ತು. ಸಂಚಾರ ಅಪರಾಧಕ್ಕೆಲ್ಲ ಪಾಯಿಂಟು, ಪಾಯಿಂಟಿಗೆ ತಕ್ಕ ಪ್ರೀಮಿಯಂ. ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10, ಕುಡಿದು ಓಡಿಸಿದರೆ 100. ನಮ್ಮ ಹಾಸನದ ರಸ್ತೆಗಳಿಗೂ ಅದು ಬರಲಿ ಅಂತಲೇ ನನ್ನ ಆಸೆ. ಗುದ್ದಿಸಿಕೊಂಡವನ ವಿಷಯಕ್ಕೆ ಬಂದರೆ, 'ಮೊದಲು ಅವನಿಗೆ ಕೊಡಿ, ಆಮೇಲೆ ತಪ್ಪು ಮಾಡಿದವನಿಂದ ವಸೂಲಿ ಮಾಡಿ' ಅಂತ ಕಂಪನಿಗಳಿಗೆ ಕೋರ್ಟುಗಳು ಎಷ್ಟೋ ಕೇಸಲ್ಲಿ ಹೇಳಿವೆ. ಆ ಒಂದು ಸಾಲಿನಲ್ಲಿ ವಿಮೆಯ ಧರ್ಮ ಪೂರ್ತಿ ಇದೆ.

ತಮ್ಮ: ಧರ್ಮ ಅಂದರೆ?

ಅಕ್ಕ: ಈ ಪಾಲಿಸಿ ಕಾಯೋದು ಯಾರನ್ನ ಹೇಳು? ನಿನ್ನನ್ನ ಅಂತ ತಾನೇ ಅಂದುಕೊಂಡಿದ್ದೆ? ಮೊದಲು ಕಾಯೋದು ಆ ರಾತ್ರಿ ಪಕ್ಕದ ಲೇನಲ್ಲಿದ್ದವರನ್ನ. ನೀನು ಅವರಿಗೆ ಗುದ್ದಿದ್ದರೆ, ನೀನು ಕುಡಿದಿದ್ದೆ ಅಂತ ಕಂಪನಿ ಸಾಮಾನ್ಯವಾಗಿ ಅವರಿಗೆ ಇಲ್ಲ ಅನ್ನಲ್ಲ, ಪಾಲಿಸಿಯ ಮಿತಿ ತನಕ ಕೊಡುತ್ತೆ. ಆದರೆ ಕುಡಿದು ಓಡಿಸಿದವನ ಮೇಲೆ ಕೋರ್ಟು ದಂಡರೂಪದ ಪರಿಹಾರ ಹಾಕಬಹುದು ಅಂತ ಈ ರಾಜ್ಯದ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ಅದನ್ನ ಯಾವ ವಿಮೆಯೂ ಕಟ್ಟಿಕೊಡಲ್ಲ, ನಿನ್ನ ಜೇಬಿಂದಲೇ ಹೋಗಬೇಕು. ದಿವಾಳಿ ಅರ್ಜಿ ಹಾಕಿದರೂ, ಕುಡಿದು ಓಡಿಸಿ ಮಾಡಿದ ಸಾವು ನೋವಿನ ಸಾಲವನ್ನ ಈ ದೇಶದ ಕಾನೂನು ಮನ್ನಾ ಮಾಡಲ್ಲ. ಬೇರೆ ಎಷ್ಟೋ ಸಾಲ ಮಾಫಿಯಾಗುತ್ತೆ, ಇದೊಂದು ಆಗಲ್ಲ.

ತಮ್ಮ: ನಾನು ಇದನ್ನ ಯಾವತ್ತೂ ಹೀಗೆ ಯೋಚಿಸಿಲ್ಲ. ಪ್ರೀಮಿಯಂ ಅಂದರೆ ತಿಂಗಳ ಖರ್ಚು ಅಂತ ಅಷ್ಟೇ.

ಅಕ್ಕ: ಇನ್ನೊಂದು ವಿಷಯ. ಮೇ ತಿಂಗಳಲ್ಲಿ ನಿನ್ನ ತಮ್ಮನ ಮದುವೆಗೆ ಊರಿಗೆ ಹೋಗಬೇಕಲ್ಲ. ನಿನ್ನದು ಇನ್ನೂ ಎಚ್-1ಬಿ ತಾನೇ?

ತಮ್ಮ: ಹೌದು. ವೀಸಾ ರದ್ದಾಗಿದೆ ಅಂತ ಇಮೇಲ್ ಬಂತು. ಕೆಲಸ ಹೋಯಿತು ಅಂದುಕೊಂಡು ರಾತ್ರಿ ಪೂರ್ತಿ ಎದ್ದಿದ್ದೆ.

ಅಕ್ಕ: ಕುಡಿದು ಓಡಿಸಿ ಬಂಧನವಾದರೇ ಸಾಕು, ಶಿಕ್ಷೆ ಆಗೋದಕ್ಕೂ ಮುಂಚೆಯೇ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ಅದರಿಂದ ಇಲ್ಲಿ ಇರೋ ಹಕ್ಕು ತಾನಾಗಿ ಹೋಗಲ್ಲ. ಹೊರಗೆ ಹೋದರೆ ಮಾತ್ರ ಹೊಸ ವೀಸಾ ಬೇಕು, ಅವರು ಹೇಳಿದ ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಬೇಕು. ಟಿಕೆಟ್ ಬುಕ್ ಮಾಡೋ ಮುಂಚೆ ವಲಸೆ ವಕೀಲರನ್ನ ಕೇಳು. ನಿಮ್ಮಪ್ಪನಿಗೆ ಹೇಳಿದೀಯ?

ತಮ್ಮ: ಇಲ್ಲ. ಆಫೀಸಲ್ಲಿ ಕೆಲಸ ಜಾಸ್ತಿ, ಮದುವೆಗೆ ಬರೋದು ಕಷ್ಟ ಆಗಬಹುದು ಅಂತ ಹೇಳಿದೀನಿ.

ಅಕ್ಕ: ಅದನ್ನ ನಾನು ಹೇಳಿಕೊಡಬೇಕಿಲ್ಲ. ಬಾ, ಅರ್ಜಿ ತುಂಬೋಣ. ಹೆಸರು, ವಿಳಾಸ ನನಗೆ ಗೊತ್ತು. ವರ್ಷಕ್ಕೆ ಎಷ್ಟು ಮೈಲಿ?

ತಮ್ಮ: ಮೊದಲು ಹನ್ನೆರಡು ಸಾವಿರ. ಈಗ ವಾರಕ್ಕೆ ಮೂರು ದಿನ ಬಾರ್ಟಲ್ಲಿ ಹೋಗೋಣ ಅಂತಿದೀನಿ. ಏಳು ಸಾವಿರ ಹಾಕು.

ಅಕ್ಕ: ನಿಜವಾಗಿ ಹೋಗೋದಾದರೆ ಹಾಕ್ತೀನಿ. ಅದು ಎರಡನೇ ಲೆಕ್ಕ, ದರ ಸ್ವಲ್ಪ ಇಳಿಯುತ್ತೆ.

ತಮ್ಮ: ಹೋಗ್ತೀನಿ.

ಅಕ್ಕ: ಸರಿ. ಮುಂದಿನ ಪ್ರಶ್ನೆ. ಕಳೆದ 10 ವರ್ಷದಲ್ಲಿ ಮದ್ಯ ಸೇವಿಸಿ ವಾಹನ ಓಡಿಸಿ ಶಿಕ್ಷೆಯಾಗಿದೆಯೇ?

ತಮ್ಮ: ಹೌದು.

ಅಕ್ಕ: ದಿನಾಂಕ?

ತಮ್ಮ: ಕೊಡು, ಅದನ್ನ ನಾನೇ ಬರೀತೀನಿ.

ಅಕ್ಕ: ಬರಿ. ಕೆಳಗೆ ಸಹಿ. ಪಾಲಿಸಿ ಒಪ್ಪಿಗೆಯಾದ ಮೇಲೆ ಎಸ್‌ಆರ್ 22 ಕಂಪನಿಯಿಂದಲೇ ಡಿಎಂವಿಗೆ ಹೋಗುತ್ತೆ. ತಲುಪಿತಾ ಅಂತ ಫೋನ್ ಮಾಡಿ ಕೇಳು, ತಲುಪಿರುತ್ತೆ ಅಂತ ಅಂದುಕೊಂಡು ಕೂರಬೇಡ. ಲೈಸೆನ್ಸ್ ಕೈಗೆ ಬರೋ ತನಕ ಕಾರಿನ ಕೀಲಿ ಅವಳ ಹತ್ತಿರವೇ ಇರಲಿ. ಈಗ ಕಾಫಿ ಕುಡಿ, ಸ್ಟೇಷನ್‌ಗೆ ಬಿಟ್ಟುಬರ್ತೀನಿ.

ತಮ್ಮ: ಬೇಡ, ನಡಕೊಂಡೇ ಹೋಗ್ತೀನಿ. ದಾರೀಲಿ ಅಪ್ಪನಿಗೆ ಫೋನ್ ಮಾಡಬೇಕು. ಅಲ್ಲೀಗ ರಾತ್ರಿ ಹನ್ನೊಂದಾಗಿರುತ್ತೆ, ಎದ್ದಿರ್ತಾರೆ. ಅಕ್ಕ...

ಅಕ್ಕ: ಹೇಳು.

ತಮ್ಮ: ಪ್ರತಿ ತಿಂಗಳು ಕಂತು ಕಟ್ಟಿದ ದಿನ ರಸೀದಿ ನಿನಗೆ ಕಳಿಸ್ತೀನಿ.

ಅಕ್ಕ: ಕಳಿಸು. ನೋಡ್ತಿರ್ತೀನಿ.